ರಾಷ್ಟ್ರಲಾಂಛನದ ತತ್ತ್ವಾರ್ಥ: ಸಿಂಹ, ಚಕ್ರ ಮತ್ತು ಸತ್ಯ

(ಉಪನ್ಯಾಸದ ಲಿಖಿತ ರೂಪ)

 

ದೇವಾಲಯದ ಧ್ವಜಸ್ತಂಭದ ಲಾಂಛನವನ್ನು ಕಂಡೊಡನೆಯೇ ಒಳಗಿರುವ ದೇವರು ಯಾರೆಂಬುದು ಭಕ್ತನಿಗೆ ತಿಳಿಯುತ್ತದೆ. ಗರುಡನಿದ್ದರೆ ವಿಷ್ಣು, ನಂದಿಯಿದ್ದರೆ ಶಿವ. ಆಷಾಢದ ಪ್ರಥಮ ಏಕಾದಶಿಯಂದು ಭಕ್ತನು ಧರಿಸುವ ಮುದ್ರೆಯೂ ಆಭರಣವಲ್ಲ. ತಾನು ಯಾರ ದಾಸನೆಂಬುದರ ಗುರುತು. ರಾಷ್ಟ್ರದ ಲಾಂಛನವೂ ಅಂಥದೇ. ಒಂದು ರಾಷ್ಟ್ರವು ಯಾವುದನ್ನು ತನಗಿಂತ ದೊಡ್ಡದೆಂದು ಒಪ್ಪಿಕೊಂಡು ಹುಟ್ಟಿತು ಎಂಬುದನ್ನು ಅದು ಸಾರುತ್ತದೆ. ಭಾರತ ಗಣರಾಜ್ಯದ ಲಾಂಛನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ.

ಲಾಂಛನಗಳ ಭಾಷೆಯನ್ನು ಕಲಿಯಲು ಮುಂಬಯಿಯ ಫೋರ್ಟ್ ಪ್ರದೇಶಕ್ಕಿಂತ ಉತ್ತಮವಾದ ಪಾಠಶಾಲೆ ದೊರೆಯಲಾರದು. ಎಫ್. ಡಬ್ಲ್ಯು. ಸ್ಟೀವನ್ಸ್ ರೂಪಿಸಿದ ರೈಲು ನಿಲ್ದಾಣದ ಕಟ್ಟಡವು 1878ರಲ್ಲಿ ಆರಂಭವಾಗಿ 1888ರಲ್ಲಿ ಪೂರ್ಣಗೊಂಡಿತು. ಅಂದಿನ ವಿಕ್ಟೋರಿಯಾ ಟರ್ಮಿನಸ್ ಇಂದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ಅದರ ಮುಖ್ಯ ದ್ವಾರದ ಕಂಬಗಳ ಮೇಲೆ ಒಂದೆಡೆ ಸಿಂಹ, ಇನ್ನೊಂದೆಡೆ ಹುಲಿ. ಸಿಂಹವು ಬ್ರಿಟನ್ನಿನ ಸಂಕೇತ, ಹುಲಿಯು ಭಾರತದ ಸಂಕೇತ. ಮೇಲೆ ಗುಮ್ಮಟದ ತುದಿಯಲ್ಲಿ ‘ಪ್ರಗತಿ’ ಎಂಬ ಹೆಸರಿನ ಸ್ತ್ರೀಮೂರ್ತಿ. ಬಲಗೈಯಲ್ಲಿ ಮೇಲೆತ್ತಿದ ಪಂಜು, ಎಡಗೈಯಲ್ಲಿ ಅರಗಳುಳ್ಳ ಚಕ್ರ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿದ ಊರಿನಲ್ಲಿ ಆ ಚಕ್ರಕ್ಕೆ ಬೇರೆ ವಿವರಣೆ ಬೇಕಿಲ್ಲ. ಅದು ವೇಗದ, ವಾಣಿಜ್ಯದ, ಯಂತ್ರಶಕ್ತಿಯ ಚಕ್ರ. ಆದರೆ ಆ ವೇಗ ಯಾರ ಹಿತಕ್ಕಾಗಿ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

1948ರ ಫೆಬ್ರವರಿ 28ರಂದು ಬ್ರಿಟಿಷ್ ಸೇನೆಯ ಕೊನೆಯ ತುಕಡಿಯು ಸಮೀಪದ ಗೇಟ್‌ವೇ ಆಫ್ ಇಂಡಿಯಾದ ಕಮಾನಿನಡಿ ನಡೆದು ಹಡಗನ್ನೇರಿತು. ಹೊಸ ರಾಷ್ಟ್ರವು ಸಿಂಹವನ್ನೂ ಚಕ್ರವನ್ನೂ ಉಳಿಸಿಕೊಂಡಿತು. ಆದರೆ ಅವುಗಳ ಅರ್ಥ ಬೇರೆ.

1947ರ ಜುಲೈ 22ರಂದು ಸಂವಿಧಾನ ರಚನಾ ಸಭೆಯು ರಾಷ್ಟ್ರಧ್ವಜವನ್ನು ಅಂಗೀಕರಿಸಿತು. ಅದುವರೆಗೆ ಸ್ವಾತಂತ್ರ್ಯ ಹೋರಾಟದ ಧ್ವಜದಲ್ಲಿದ್ದುದು ಚರಕ. ನಿರ್ಣಯವನ್ನು ಮಂಡಿಸಿದ ಜವಾಹರಲಾಲ್ ನೆಹರೂ ಅವರು ಬದಲಾವಣೆಗೆ ಒಂದು ವ್ಯಾವಹಾರಿಕ ಕಾರಣವನ್ನೂ ಹೇಳಿದರು: ಧ್ವಜದ ಎರಡೂ ಮುಖಗಳು ಒಂದೇ ಬಗೆಯಾಗಿ ಕಾಣಬೇಕು; ಚರಕವಾದರೆ ಹಿಂಬದಿಯಲ್ಲಿ ತಿರುವುಮುರುವಾಗುತ್ತದೆ. ಹೀಗೆ ಚರಕದ ಗಾಲಿಯ ಸ್ಥಾನಕ್ಕೆ ಸಾರನಾಥದ 24 ಅರಗಳ ಚಕ್ರವು ಬಂದಿತು. ಅದೇ ಸಭೆಯಲ್ಲಿ ಡಾ. ಎಸ್. ರಾಧಾಕೃಷ್ಣನ್ ಅವರು ಚಕ್ರವು ಚಲನೆಯ ಸಂಕೇತವೆಂದೂ, ನಿಂತ ಸಮಾಜವು ಸತ್ತಂತೆಯೆಂದೂ ವಿವರಿಸಿದರು. ಇದು ಶ್ರೀಹರಿಯ ಸುದರ್ಶನವಲ್ಲ, ಅಶೋಕನ ಧರ್ಮಚಕ್ರ. ಎರಡನ್ನೂ ಬೆರೆಸಿ ಹೇಳುವ ಅಗತ್ಯವಿಲ್ಲ. ಆದರೂ ಚಕ್ರವನ್ನು ಧರಿಸಿದವನು ಚಕ್ರದ ಆಜ್ಞೆಗೆ ಒಳಪಟ್ಟವನು ಎಂಬ ಭಾವವು ಮುದ್ರಾಧಾರಣೆ ಮಾಡುವ ಕುಟುಂಬಗಳಿಗೆ ಸುಲಭವಾಗಿ ತಿಳಿಯತಕ್ಕದ್ದು.

ಸಾರನಾಥದ ಸಿಂಹಶೀರ್ಷವು 1904-05ರ ಉತ್ಖನನದಲ್ಲಿ ದೊರೆಯಿತು. ಅದನ್ನು ನಡೆಸಿದ ಎಫ್. ಓ. ಓರ್ಟೆಲ್ ಅವರು ಲೋಕೋಪಯೋಗಿ ಇಲಾಖೆಯ ಎಂಜಿನಿಯರರು. ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ನಾಲ್ಕು ಸಿಂಹಗಳು, ಕೆಳಗಿನ ಪಟ್ಟಿಕೆಯಲ್ಲಿ ಆನೆ, ಕುದುರೆ, ವೃಷಭ, ಸಿಂಹ, ನಡುನಡುವೆ ಚಕ್ರಗಳು. ಎಲ್ಲರೂ ಬಲ್ಲ ಸಂಗತಿ ಇಷ್ಟು. ಹೆಚ್ಚು ಜನರು ಅರಿಯದ ಸಂಗತಿಯೆಂದರೆ, ಮೂಲದಲ್ಲಿ ಆ ಸಿಂಹಗಳ ಮೇಲೆ ಇನ್ನೊಂದು ದೊಡ್ಡ ಚಕ್ರವಿತ್ತು. ಅದು ಒಡೆದುಹೋಗಿ ಚೂರುಗಳಷ್ಟೇ ದೊರೆತವು. ಆದುದರಿಂದ 1950ರ ಜನವರಿ 26ರಂದು ಅಂಗೀಕೃತವಾದ ಲಾಂಛನದಲ್ಲಿ ಸಿಂಹಗಳೇ ಎಲ್ಲಕ್ಕಿಂತ ಮೇಲೆ ಕಾಣುತ್ತವೆ. ಶಿಲ್ಪಿಯ ಕಲ್ಪನೆಯಲ್ಲಾದರೋ ಸಿಂಹಗಳು ಚಕ್ರವನ್ನು ಹೊತ್ತ ವಾಹನಗಳು. ಬಲವು ಕೆಳಗೆ, ಧರ್ಮವು ಮೇಲೆ. ಲಾಂಛನವನ್ನು ನೋಡುವಾಗ ಕಾಣದಿರುವ ಆ ಚಕ್ರವನ್ನು ಮನಸ್ಸಿನಲ್ಲಿ ಕೂಡಿಸಿಕೊಳ್ಳದಿದ್ದರೆ ಅಧಿಕಾರವೇ ಸರ್ವಸ್ವವೆಂಬ ತಪ್ಪು ಪಾಠ ಉಳಿಯುತ್ತದೆ.

ಸಿಂಹಗಳ ಕೆಳಗಿರುವ ‘ಸತ್ಯಮೇವ ಜಯತೇ’ ಎಂಬ ವಾಕ್ಯವು ಮುಂಡಕೋಪನಿಷತ್ತಿನದು. ಶ್ರೀಮದಾಚಾರ್ಯರು ಭಾಷ್ಯ ರಚಿಸಿದ ಹತ್ತು ಉಪನಿಷತ್ತುಗಳಲ್ಲಿ ಇದೂ ಒಂದು. ಆಥರ್ವಣೋಪನಿಷತ್ತೆಂದು ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಈ ವಾಕ್ಯವಿರುವುದು ಮೂರನೆಯ ಮುಂಡಕದ ಮೊದಲ ಖಂಡದಲ್ಲಿ. ಅದೇ ಖಂಡವು ಆರಂಭವಾಗುವುದು ಒಂದೇ ಮರದಲ್ಲಿರುವ ಎರಡು ಹಕ್ಕಿಗಳ ದೃಷ್ಟಾಂತದಿಂದ. ಒಂದು ಹಕ್ಕಿ ಹಣ್ಣು ತಿನ್ನುತ್ತದೆ, ಇನ್ನೊಂದು ನೋಡುತ್ತಿರುತ್ತದೆ. ಜೀವೇಶ್ವರ ಭೇದವನ್ನು ಪ್ರತಿಪಾದಿಸುವಾಗ ತತ್ತ್ವವಾದಿಗಳು ಮತ್ತೆ ಮತ್ತೆ ಸ್ಮರಿಸುವ ದೃಷ್ಟಾಂತವಿದು. ಅಧಿಕಾರದ ಫಲವನ್ನು ಉಣ್ಣುವವನು ಒಬ್ಬನೇ ಇದ್ದಾನೆಂದು ಭಾವಿಸಿದಾಗಲೂ, ಫಲವನ್ನು ಬಯಸದೆ ಎಲ್ಲವನ್ನೂ ನೋಡುವವನು ಜೊತೆಯಲ್ಲಿಯೇ ಇದ್ದಾನೆ. ಅಲ್ಲಿಂದ ಮುಂದೆ ಬರುವ ಸತ್ಯದ ಜಯವು ಯುದ್ಧದ ಜಯವಲ್ಲ. ಋಷಿಗಳು ಪರಮಪದದತ್ತ ಸಾಗಿದ ಮಾರ್ಗಕ್ಕೆ ಸಂಬಂಧಿಸಿದುದು. ನಾಣ್ಯ, ನೋಟುಗಳ ಮೇಲೆ ಅಚ್ಚಾಗಿ ದಿನವೂ ಕೈಯಿಂದ ಕೈಗೆ ಸಾಗುವ ಮಾತಿಗೆ ಇಷ್ಟು ಎತ್ತರದ ಹಿನ್ನೆಲೆಯಿದೆ.

ಅಶೋಕನು ಕನ್ನಡಿಗರಿಗಾಗಲಿ ಮುಂಬಯಿವಾಸಿಗಳಿಗಾಗಲಿ ದೂರದವನಲ್ಲ. ಬ್ರಾಹ್ಮೀ ಲಿಪಿಯನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಓದಿದ ಮೇಲೂ ಶಾಸನಗಳ ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದನ್ನು ಅಶೋಕನ ಹೆಸರಿನಿಂದಲೇ ದೃಢಪಡಿಸಿದ ಶಾಸನವು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆಯಿತು. ಅದನ್ನು ಕಂಡುಹಿಡಿದವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರರು. ಮುಂಬಯಿಯ ಉತ್ತರಕ್ಕಿರುವ ಸೋಪಾರಾದಲ್ಲಿ 1882ರಲ್ಲಿ ಪಂಡಿತ ಭಗವಾನ್‌ಲಾಲ್ ಇಂದ್ರಜಿಯವರು ಎಂಟನೆಯ ಶಿಲಾಶಾಸನದ ಒಂದು ತುಂಡನ್ನು ಪತ್ತೆಮಾಡಿದರು. ಅರಸನು ಬೇಟೆಯ ವಿಹಾರಗಳನ್ನು ತೊರೆದು ಧರ್ಮಯಾತ್ರೆ ಕೈಗೊಂಡು ಬ್ರಾಹ್ಮಣರನ್ನೂ ಶ್ರಮಣರನ್ನೂ ವೃದ್ಧರನ್ನೂ ಹಳ್ಳಿಗರನ್ನೂ ಕಂಡನೆಂಬುದು ಆ ಶಾಸನದ ವಿಷಯ. ಆ ತುಂಡು ಇಂದು ಫೋರ್ಟಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿದೆ. ರೈಲು ನಿಲ್ದಾಣದ ಚಕ್ರವನ್ನು ನೋಡಿದವರು ಅಲ್ಪದೂರ ನಡೆದು ಈ ಕಲ್ಲನ್ನೂ ನೋಡಿ ಬರುವುದು ಯೋಗ್ಯ.

ಮೂರನೆಯದು ಅನೇಕ ಮಾಧ್ವ ಕುಟುಂಬಗಳ ಕುಲದೇವತೆಯ ಸ್ಥಳವೇ ಆದ ಸನ್ನತಿ. ಕಲಬುರಗಿ ಜಿಲ್ಲೆಯ ಭೀಮಾತೀರದ ಆ ಚಂದ್ರಲಾಂಬಾ ಕ್ಷೇತ್ರದಲ್ಲಿ 1980ರ ದಶಕದಲ್ಲಿ ಕಾಳಿಯ ಗುಡಿಯ ಮಾಡು ಕುಸಿದಾಗ, ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನಗಳು ಕಂಡವು. ಅವುಗಳಲ್ಲಿ ಹನ್ನೆರಡನೆಯ ಶಿಲಾಶಾಸನವೂ ಸೇರಿದೆ. ತನ್ನ ಮತವನ್ನು ಹೊಗಳುವ ಭರದಲ್ಲಿ ಅಕಾರಣವಾಗಿ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಹಾನಿ ಮಾಡುತ್ತಾನೆ, ಮಾತಿನಲ್ಲಿ ಸಂಯಮವಿರಲಿ, ಒಬ್ಬರು ಮತ್ತೊಬ್ಬರ ತತ್ತ್ವವನ್ನು ಕೇಳಲಿ ಎಂಬುದು ಅದರ ತಾತ್ಪರ್ಯ.

ಇಲ್ಲಿ ಸಿದ್ಧಾಂತನಿಷ್ಠನೊಬ್ಬನಿಗೆ ಒಂದು ಶಂಕೆ ಏಳುವುದು ಸಹಜ. ಎಲ್ಲ ಮತಗಳನ್ನೂ ಗೌರವಿಸಬೇಕೆಂಬ ರಾಷ್ಟ್ರದಲ್ಲಿ ತನ್ನ ಸಿದ್ಧಾಂತವೇ ಸತ್ಯವೆಂದು ನಂಬುವವನ ಸ್ಥಾನವೇನು? ನಿಷ್ಠೆಯನ್ನು ಸಡಿಲಿಸಿದರೆ ಮಾತ್ರ ಒಳ್ಳೆಯ ಪ್ರಜೆಯಾಗಲು ಸಾಧ್ಯವೇ? ಸಮಾಧಾನವು ಪರಂಪರೆಯಲ್ಲಿಯೇ ಇದೆ. ಶ್ರೀ ಜಯತೀರ್ಥರ, ಶ್ರೀ ವ್ಯಾಸರಾಜರ ಗ್ರಂಥಗಳಲ್ಲಿ ಖಂಡನೆಗೆ ಮೊದಲು ಪೂರ್ವಪಕ್ಷವು ಬರುತ್ತದೆ. ಎದುರಾಳಿಯ ಯುಕ್ತಿಯನ್ನು ಅದರ ಪೂರ್ಣ ಬಲದೊಡನೆ ನಿರೂಪಿಸಲಾಗುತ್ತದೆ. ಪರರ ಮಾತನ್ನು ಸಂಪೂರ್ಣವಾಗಿ ಕೇಳಿಸಿಕೊಂಡವನಿಗೆ ಮಾತ್ರ ಅದು ಸಾಧ್ಯ. ವಾದವು ದ್ವೇಷವಲ್ಲ. ಶಾಸನವು ನಿಷೇಧಿಸುವುದು ಹಳಿಯುವುದನ್ನೇ ಹೊರತು ವಿಚಾರವನ್ನಲ್ಲ.

ಅಮೆರಿಕವು 1782ರಲ್ಲಿ ಅಂಗೀಕರಿಸಿದ ತನ್ನ ಮುದ್ರೆಯಲ್ಲಿ ‘ಹಲವುಗಳಿಂದ ಒಂದು’ ಎಂಬ ಅರ್ಥದ ಲ್ಯಾಟಿನ್ ವಾಕ್ಯವನ್ನು ಬರೆಸಿತು. ಭಾರತದ ಚಕ್ರವು ಹೇಳುವುದು ತುಸು ಬೇರೆ. ರಥಚಕ್ರದ ಗುಂಬದಲ್ಲಿ ಅರಗಳು ಸೇರಿರುವ ಉಪಮೆಯೂ ಮುಂಡಕೋಪನಿಷತ್ತಿನಲ್ಲಿಯೇ ಬರುತ್ತದೆ. ಗಾಲಿಯ ರಚನೆಯನ್ನು ಬಲ್ಲ ಯಾರಿಗಾದರೂ ತಿಳಿದಿರುವಂತೆ, ಅರಗಳು ಒಂದರೊಳಗೊಂದು ಕರಗಿದರೆ ಗಾಲಿ ಉಳಿಯದು. ಗುಂಬವನ್ನು ಬಿಟ್ಟು ಸ್ವತಂತ್ರವಾದರೆ ಭಾರವನ್ನು ಹೊರಲಾರದು. ಅರಗಳು ಪರಸ್ಪರ ಭಿನ್ನ, ಆದರೆ ಎಲ್ಲವೂ ಒಂದಕ್ಕೇ ಅಧೀನ. ಭೇದವೂ ಸತ್ಯ, ಪಾರತಂತ್ರ್ಯವೂ ಸತ್ಯ ಎಂದು ನಂಬುವವರಿಗೆ ಇದಕ್ಕಿಂತ ಹತ್ತಿರದ ಸಂಕೇತ ಯಾವುದು?

ಜಗತ್ತು ಸತ್ಯವೆಂಬುದು ತತ್ತ್ವವಾದದ ನಿರ್ಣಯ. ಜಗತ್ತು ಸತ್ಯವಾದರೆ ಅದರೊಳಗಿನ ಕರ್ತವ್ಯಗಳೂ ಸತ್ಯ. ಕಚೇರಿಯ ಕಡತಕ್ಕೆ ಹಾಕುವ ರುಜು, ತೆರಿಗೆಯ ಲೆಕ್ಕ, ನ್ಯಾಯಾಲಯದಲ್ಲಿ ನುಡಿಯುವ ಸಾಕ್ಷ್ಯ, ಇವುಗಳಲ್ಲಿ ಯಾವುದೂ ಪೂಜೆಯ ಕೋಣೆಯ ಹೊರಗೆ ನಡೆಯುತ್ತದೆಂಬ ಕಾರಣಕ್ಕೆ ಮಿಥ್ಯೆಯಾಗುವುದಿಲ್ಲ. ಅವುಗಳಲ್ಲಿ ಸತ್ಯವು ಉಳಿದಾಗ ಸಿಂಹಗಳ ಮೇಲಿನ ಒಡೆದ ಚಕ್ರವು ಮತ್ತೆ ತನ್ನ ಸ್ಥಾನದಲ್ಲಿ ನಿಲ್ಲುತ್ತದೆ. ಅದನ್ನು ಪ್ರತಿಷ್ಠಾಪಿಸುವ ಹೊಣೆಯನ್ನು ಸಂವಿಧಾನದ ಕರ್ತೃಗಳು ಶಿಲ್ಪಿಗೆ ಬಿಡಲಿಲ್ಲ, ಪ್ರಜೆಗೆ ಬಿಟ್ಟರು.

ಶ್ರೀಕೃಷ್ಣಾರ್ಪಣಮಸ್ತು.