ಈ ವಾರ ಏನು ಕಲಿತೆ?

(ಆಜರೆಯಲ್ಲಿ ನೆರೆದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಎರಡು ಮಾತು ಆಡಬೇಕೆಂದು ಸಂಸ್ಥೆಯ ಚಾಲಕರು ಅಪ್ಪಣೆ ಮಾಡಿದಾಗ ವಿಷಯಕ್ಕಾಗಿ ನಾವು ಬಹಳ ಹುಡುಕಬೇಕಾಗಲಿಲ್ಲ. ಅದನ್ನು ನೀವೇ ನಮಗೆ ಒದಗಿಸಿದ್ದೀರಿ. ಶನಿವಾರ ಶಾಲೆ ಬಿಟ್ಟ ಕೂಡಲೆ ಬಾಗಿಲಲ್ಲಿ ನಿಂತ ತಾಯಂದಿರು ತಮ್ಮ ಕೂಸುಗಳನ್ನು ಕೇಳುವ ಪ್ರಶ್ನೆ ಒಂದೇ: “ಈ ವಾರ ಏನು ಕಲಿತೆ?” ಕೂಸು ಕೊಡುವ ಉತ್ತರವೂ ಒಂದೇ: “ಏನೂ ಇಲ್ಲ.” ಹೆಚ್ಚೆಂದರೆ “ಹುಣಸೇ ಬೀಜ ಆಡಿದೆವು” ಎಂದು ಹೇಳೀತು. ತಾಯಿಯ ಮುಖ ಬಾಡುತ್ತದೆ. ಪಕ್ಕದ ಮನೆಯ ಮಗು ಇಂಗ್ಲಿಷ್ ಮಾಧ್ಯಮದ ಶಾಲೆಯಿಂದ ಬಂದು ಒಂದು ಪದ್ಯವನ್ನು ಗಿಳಿಯಂತೆ ಒಪ್ಪಿಸುತ್ತಿರುವಾಗ ತನ್ನ ಮಗು ಬೀಜ ಎಣಿಸಿ ಬಂದಿತೆಂದರೆ ಯಾವ ತಾಯಿಗೆ ಸಮಾಧಾನವಾದೀತು? ಆದುದರಿಂದ ಆ ಪ್ರಶ್ನೆಗೆ ಮಕ್ಕಳ ಪರವಾಗಿ ಇಂದು ನಾವೇ ಉತ್ತರ ಕೊಡಬೇಕೆಂದು ಬಂದಿದ್ದೇವೆ.

ಮೊದಲು ಅಕ್ಷರದ ಮಾತು. ನಿಮ್ಮಲ್ಲಿ ಹಲವರು ಅ ಆ ಇ ಈ ಎಂದು ಸಾಲಾಗಿ ತಿದ್ದಿ ಕಲಿತವರು. ನಾವೂ ಹಾಗೆಯೇ ಕಲಿತವರು. ಈಗ ಮೊದಲನೆಯ ಇಯತ್ತೆಯ ಮಕ್ಕಳಿಗೆ ನಾವು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭಿಸುತ್ತೇವೆ. ಇದು ನಮ್ಮ ತಲೆಯಿಂದ ಹುಟ್ಟಿದ್ದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊದಲಾಗಿ ಮುಂದೆ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಹರಡಿದ ‘ನಲಿ-ಕಲಿ’ ಪದ್ಧತಿಯಿಂದ ಅದನ್ನು ಎರವು ತಂದಿದ್ದೇವೆ. ಬರೆಯಲು ಸುಲಭವಾದ, ಒಂದರ ಗೆರೆ ಇನ್ನೊಂದಕ್ಕೆ ಹೋಲುವ ಅಕ್ಷರಗಳು ಮೊದಲು ಬರುತ್ತವೆ. ಐದೇ ಅಕ್ಷರ ಬಂದ ದಿವಸ ಮಗು ‘ಸರ’ ಓದುತ್ತದೆ, ‘ರಸ’ ಓದುತ್ತದೆ, ‘ಅರಸ’ ‘ಅಗಸ’ ಎಂದು ಓದುತ್ತದೆ. ಸರವನ್ನು ತಿರುವಿದರೆ ರಸವಾಗುವದೆಂಬುದನ್ನು ಮಗು ತಾನೇ ಕಂಡುಕೊಂಡ ಗಳಿಗೆಯಲ್ಲಿ ವರ್ಗದಲ್ಲಿ ಏಳುವ ಗದ್ದಲವನ್ನು ನೀವು ಒಮ್ಮೆ ಬಂದು ಕೇಳಬೇಕು. ಹೋದ ವರ್ಷ ಒಬ್ಬ ತಾಯಿ ನಮ್ಮ ಬಳಿ ಬಂದು, “ಎರಡು ತಿಂಗಳಾಯಿತು, ನನ್ನ ಮಗನಿಗೆ ಇನ್ನೂ ‘ಆ’ ಬರುವದಿಲ್ಲ” ಎಂದು ಕಣ್ಣೀರು ತಂದರು. ಅವರ ಮಾತು ನಿಜವಿತ್ತು. ಅವನಿಗೆ ‘ಆ’ ಬರುತ್ತಿರಲಿಲ್ಲ. ಆದರೆ ಅವನು ಅಷ್ಟು ಹೊತ್ತಿಗೆ ಇಪ್ಪತ್ತು ಶಬ್ದ ಓದುತ್ತಿದ್ದನು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷ ನಾವು ಮಕ್ಕಳ ವಹಿಗಳನ್ನು ನೋಡಿ ಬೀಗುತ್ತಿದ್ದೆವು. ಮುತ್ತಿನಂಥ ಅಕ್ಷರ, ಪುಟ ತುಂಬ ಬರಹ. ಹಾಗೆ ಬರೆಯುತ್ತಿದ್ದ ಒಬ್ಬ ಹುಡುಗ ಮೂರನೆಯ ಇಯತ್ತೆಗೆ ಬಂದಾಗ, ಪುಸ್ತಕದಲ್ಲಿ ಇಲ್ಲದ ಒಂದು ಸಣ್ಣ ವಾಕ್ಯವನ್ನು ಹಲಗೆಯ ಮೇಲೆ ಬರೆದು ಓದೆಂದೆವು. ಅವನು ತಲೆ ತಗ್ಗಿಸಿ ನಿಂತನು. ಎರಡು ವರ್ಷ ಅವನು ಅಕ್ಷರಗಳ ಚಿತ್ರ ತೆಗೆದಿದ್ದನು, ಓದಿರಲಿಲ್ಲ. ನಾವು ಆ ಚಿತ್ರಗಳ ಕೆಳಗೆ “ಉತ್ತಮ” ಎಂದು ಸಹಿ ಮಾಡಿದ್ದೆವು. ಅಂದಿನಿಂದ ನಕಲು ಬರಹವನ್ನು ಕಡಿಮೆ ಮಾಡಿ, ಪ್ರತಿ ವಾರ ಪ್ರತಿಯೊಂದು ಮಗುವನ್ನು ಬದಿಗೆ ಕೂಡ್ರಿಸಿಕೊಂಡು ಹೊಸದಾದ ನಾಲ್ಕು ಶಬ್ದ ಓದಿಸಿ ನೋಡುತ್ತೇವೆ. ವಹಿಗಳು ಮೊದಲಿನಷ್ಟು ಚೆಲುವಾಗಿಲ್ಲವೆಂದು ನೀವು ದೂರಿದರೆ ನಾವು ಒಪ್ಪುತ್ತೇವೆ.

ಇನ್ನು ಆ ಹುಣಸೇ ಬೀಜ. ಗಣಿತವು ನಮ್ಮ ಮಕ್ಕಳಿಗೆ ಹೊರಗಿನವರು ಎಣಿಸಿದ್ದಕ್ಕಿಂತ ಕಠಿಣವಾದ ವಿಷಯ. ಕಾರಣ ನಾವಿರುವ ಊರು. ನಮ್ಮ ಮಗು ಮನೆಯಲ್ಲಿ ‘ಇಪ್ಪತ್ತೊಂದು’ ಎನ್ನುತ್ತದೆ: ಮೊದಲು ಇಪ್ಪತ್ತು, ಆ ಮೇಲೆ ಒಂದು. ಬರೆಯುವದೂ ಅದೇ ಕ್ರಮದಲ್ಲಿ. ಅದೇ ಮಗು ಸಂತೆಗೆ ಹೋದರೆ ‘ಏಕವೀಸ’ ಎಂದು ಕೇಳುತ್ತದೆ: ಮೊದಲು ಒಂದು, ಆ ಮೇಲೆ ಇಪ್ಪತ್ತು. ‘ಪಂಚೇಚಾಳೀಸ’ ಎಂದು ಕೇಳಿ 54 ಎಂದು ಬರೆದ ಮಗುವನ್ನು ದಡ್ಡನೆನ್ನಬೇಡಿರಿ. ಅದು ಕಿವಿಗೆ ಬಿದ್ದ ಕ್ರಮದಲ್ಲಿಯೇ ಬರೆದಿದೆ. 49ಕ್ಕೆ ನಾವು ನಲವತ್ತೊಂಬತ್ತು ಎಂದರೆ ಮರಾಠಿಯವರು ಐವತ್ತಕ್ಕೆ ಒಂದು ಕಡಿಮೆ ಎಂಬರ್ಥದ ಹೆಸರು ಹೇಳುತ್ತಾರೆ. 2019ರಲ್ಲಿ ಬಾಲಭಾರತಿಯವರು ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ ‘ವೀಸ ಏಕ’ ಎಂದು ಓದುವ ರೀತಿಯನ್ನು ಸೇರಿಸಿದಾಗ ಮಹಾರಾಷ್ಟ್ರದಲ್ಲೆಲ್ಲ ದೊಡ್ಡ ವಾದವೇ ಎದ್ದಿತು. ನಮ್ಮ ಮಕ್ಕಳಿಗೆ ಮಾತ್ರ ಅದರಲ್ಲಿ ಹೊಸತೇನೂ ಕಾಣಲಿಲ್ಲ. ಅವರ ಅಜ್ಜಿ ಎಣಿಸುವದೇ ಹಾಗೆ. ಕನ್ನಡವೂ ನಿಷ್ಕಪಟವೆಂದು ಹೇಳುವಂತಿಲ್ಲ: ಒಂಬತ್ತು ಮತ್ತು ತೊಂಬತ್ತು ಎಂಬ ಜೋಡಿ ಪ್ರತಿ ವರ್ಷ ನಮ್ಮನ್ನು ಕಾಡುತ್ತದೆ. ಇದಲ್ಲದೆ ಕನ್ನಡದ ೧ ಎಂಬ ಅಂಕಿಯು ಇಂಗ್ಲಿಷ್ ಸೊನ್ನೆಯಂತೆಯೇ ದುಂಡಗಿದೆ. ೧೦ ಎಂದು ಬರೆದದ್ದನ್ನು ಎರಡು ಸೊನ್ನೆಗಳೆಂದು ಓದುವ ಮಕ್ಕಳಿದ್ದಾರೆ.

ಇದಕ್ಕೆಲ್ಲ ನಮ್ಮ ಮದ್ದು ಬೀಜಗಳು. ಹತ್ತು ಬೀಜಗಳ ಒಂದೊಂದು ಗಂಟು, ಬಿಡಿ ಬೀಜಗಳು ಬೇರೆ. ನಾಲ್ಕು ಗಂಟು, ಐದು ಬಿಡಿ: ಬಾಯಲ್ಲಿ ಯಾವ ಭಾಷೆ ಬಂದರೂ ಕೈಯಲ್ಲಿರುವದು ಬದಲಾಗುವದಿಲ್ಲ. ಮೂರು ವಾರ ಹೀಗೆ ಆಡಿದ ಮೇಲೆ ಮಗು ಎರಡೂ ಹೆಸರುಗಳನ್ನು ತಪ್ಪದೆ ಹೇಳುತ್ತದೆ. ಗೋಡಂಬಿ ಬೀಜ ಇದಕ್ಕೆ ಇನ್ನೂ ಚೆನ್ನಾಗಿರುತ್ತಿತ್ತು, ಆಜರೆಯಲ್ಲಿ ಅದಕ್ಕೆ ಕೊರತೆಯೂ ಇಲ್ಲ. ಆದರೆ ಸಾಯಂಕಾಲ ಲೆಕ್ಕ ಕೂಡುವದಿಲ್ಲವೆಂದು ಅನುಭವದಿಂದ ತಿಳಿದು ಬಿಟ್ಟುಬಿಟ್ಟೆವು.

ಭಾಷೆಗಳ ಭಾರದ ಬಗ್ಗೆ ನಿಮ್ಮಲ್ಲಿ ಅನೇಕರಿಗೆ ಅಂಜಿಕೆಯಿದೆ. ಅದು ಸಹಜ. 2000ದಿಂದ ಈ ರಾಜ್ಯದಲ್ಲಿ ಮೊದಲನೆಯ ಇಯತ್ತೆಯಿಂದಲೇ ಇಂಗ್ಲಿಷ್ ಇದೆ. 2020ರ ಕಾಯಿದೆಯಿಂದ ಎಲ್ಲ ಮಾಧ್ಯಮದ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯವಾಗಿದೆ. ಹೀಗಾಗಿ ಆರು ವರ್ಷದ ಮಗುವಿನ ಪಾಟಿಯ ಮೇಲೆ ಮೂರು ಲಿಪಿಗಳು. ಈ ಕಾಯಿದೆಗಳ ಮೇಲೆ ನಮಗೆ ಸಿಟ್ಟಿಲ್ಲ. ಆಜರೆಯಲ್ಲಿ ಬದುಕುವವನಿಗೆ ಮರಾಠಿ ಬೇಕೇ ಬೇಕು, ನಮ್ಮ ನೆರೆಯವರ ನುಡಿ ಅದು. ಆದರೆ ಮೂರನ್ನೂ ಒಂದೇ ದಿವಸ ಬರೆಯಿಸಿದರೆ ಮೂರೂ ಕೆಡುತ್ತವೆಂಬುದು ನಮ್ಮ ಅನುಭವ. ಆದುದರಿಂದ ಮೊದಲ ವರ್ಷ ಮರಾಠಿ ಮತ್ತು ಇಂಗ್ಲಿಷ್ ಬಹುಮಟ್ಟಿಗೆ ಮಾತಿನಲ್ಲಿ, ಹಾಡಿನಲ್ಲಿ, ಆಟದಲ್ಲಿ. ಬರಹದ ಗಟ್ಟಿ ಅಭ್ಯಾಸವು ಕನ್ನಡದಲ್ಲಿ. ಕನ್ನಡದಲ್ಲಿ ‘ಕೊಡು’ ಬೇರೆ, ‘ಕೋಡು’ ಬೇರೆ. ಮರಾಠಿ ಬರಹದಲ್ಲಿ ಆ ಹ್ರಸ್ವ-ದೀರ್ಘಗಳ ಭೇದಕ್ಕೆ ಎರಡು ಗುರುತುಗಳಿಲ್ಲ. ಕನ್ನಡದ ಕಾಗುಣಿತ ಕಿವಿಯಲ್ಲಿ ನೆಲೆಗೊಂಡ ಮೇಲೆ ಬಾರಾಖಡಿಗೆ ಹೋದ ಮಗು ಎಡವುವದಿಲ್ಲ. ಬೆರೆಸಿ ಕಲಿತ ಮಗು ಎರಡರಲ್ಲಿಯೂ ಎಡವುತ್ತದೆ.

ಮಾತೃಭಾಷೆಯಲ್ಲಿ ಮೊದಲ ಪಾಠವಾಗಬೇಕೆಂಬುದು ನಮ್ಮ ಹಟವಷ್ಟೇ ಅಲ್ಲ. 1956ರಲ್ಲಿ ರಾಜ್ಯಗಳ ಪುನರ್ರಚನೆಯಾಗಿ ನಾವು ಗಡಿಯ ಈ ಬದಿಗೆ ಉಳಿದ ವರ್ಷದಲ್ಲಿಯೇ ಸಂವಿಧಾನಕ್ಕೆ 350ಎ ಕಲಮು ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಯತ್ನಿಸಬೇಕೆಂದು ಅದು ಪ್ರತಿಯೊಂದು ರಾಜ್ಯಕ್ಕೆ ಹೇಳುತ್ತದೆ. ಪುಣೆಯ ಬಾಲಭಾರತಿಯು ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಅದಕ್ಕೂ ಮುಂಚೆ, 1917ರಲ್ಲಿ, ಕೊಲ್ಹಾಪುರದ ಶಾಹೂ ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಉಚಿತವೂ ಆಗಿ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡ ವಿಧಿಸಿದ್ದರು. ಗಡಹಿಂಗ್ಲಜವು ಆಗ ನೇರವಾಗಿ ಕೊಲ್ಹಾಪುರಕ್ಕೆ ಸೇರಿತ್ತು. ನಮ್ಮ ಆಜರೆ ಇಚಲಕರಂಜಿಯ ಜಹಗೀರಿನಲ್ಲಿತ್ತು. ಒಂದು ರೂಪಾಯಿ ಅಂದಿನ ಕಾಲಕ್ಕೆ ಸಣ್ಣ ದಂಡವಾಗಿರಲಿಲ್ಲ.

ಪರಿಸರ ಪಾಠದ ಒಂದು ಸಂಗತಿ ಹೇಳದೆ ಇರಲಾರೆವು. ಮೂರನೆಯ ಇಯತ್ತೆಯಲ್ಲಿ ಹಿರಣ್ಯಕೇಶಿಯ ನಕಾಶೆ ತೆಗೆಯಿಸಿದೆವು. ಪುಸ್ತಕ ತೆರೆಯುವ ಮೊದಲು ಮಕ್ಕಳನ್ನು ರಾಮತೀರ್ಥಕ್ಕೆ ಕರೆದೊಯ್ದು ನೀರು ಯಾವ ಕಡೆ ಹರಿಯುತ್ತದೆಂದು ಎಲೆ ಬಿಟ್ಟು ನೋಡಿದೆವು. ಮರಳಿ ಬಂದ ಮೇಲೆ ಹಲಗೆಯ ಮೇಲೆ ಗೆರೆ ಎಳೆದೆವು: ಆಂಬೋಲಿಯ ಘಟ್ಟದಲ್ಲಿ ಹುಟ್ಟಿ, ಆಜರೆ ದಾಟಿ, ಗಡಹಿಂಗ್ಲಜ ದಾಟಿ, ಸಂಕೇಶ್ವರದತ್ತ ಹೋಗಿ, ಮುಂದೆ ಘಟಪ್ರಭೆಯನ್ನು ಕೂಡಿ, ಘಟಪ್ರಭೆಯೊಡನೆ ಕೃಷ್ಣೆಯನ್ನು ಸೇರುತ್ತದೆ. ಸಂಕೇಶ್ವರದ ಹೆಸರು ಬಂದೊಡನೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, “ಗುರೂಜಿ, ನಾವು ಬಿಟ್ಟ ಎಲಿ ನಮ್ಮ ಅಜ್ಜಿ ಊರಿಗೆ ಹೋಗತದ?” ಎಂದು ಕೇಳಿದಳು. ಇಡೀ ವರ್ಷ ಆಕೆ ತಾನಾಗಿ ಬಾಯಿ ತೆರೆದದ್ದು ಅದೇ ಮೊದಲು. ಆ ದಿವಸದ ಉಳಿದ ಪಾಠವೆಲ್ಲ ಆ ಎಲೆಯ ಬೆನ್ನು ಹತ್ತಿಯೇ ನಡೆಯಿತು: ಎಷ್ಟು ದಿವಸ ಬೇಕು, ನಡುವೆ ಯಾವ ಊರು, ಒಡ್ಡಿನಲ್ಲಿ ಸಿಕ್ಕಿಕೊಂಡರೆ ಏನು ಗತಿ. ಮನೆಗೆ ಹೋಗಿ ಆಕೆಯೂ “ಏನೂ ಕಲಿಯಲಿಲ್ಲ” ಎಂದೇ ಹೇಳಿರಬೇಕು. ಇದೇ ಬಗೆಯಲ್ಲಿ ಘನಸಾಳ ಭತ್ತದ ತೆನೆಯನ್ನು ವರ್ಗಕ್ಕೆ ತಂದು ತೋರಿಸುತ್ತೇವೆ. 2016ರಲ್ಲಿ ಭೌಗೋಲಿಕ ಗುರುತು ಪಡೆದ ಆ ಅಕ್ಕಿಯ ವಾಸನೆಯನ್ನು ನಮ್ಮ ಮಕ್ಕಳಿಗೆ ವಿವರಿಸುವ ಅಗತ್ಯವಿಲ್ಲ.

ಶಿಕ್ಷಣದ ಹಕ್ಕಿನ 2009ರ ಕಾಯಿದೆಯು ಐದನೆಯ ಇಯತ್ತೆಯವರೆಗೆ ವರ್ಷಕ್ಕೆ 200 ದಿವಸ, 800 ತಾಸುಗಳ ಪಾಠವನ್ನು ಗೊತ್ತುಪಡಿಸಿದೆ. ಎಂದರೆ ಶಾಲೆ ಇರುವ ದಿವಸ ನಾಲ್ಕು ತಾಸು ಮಗು ನಮ್ಮದು, ಇಪ್ಪತ್ತು ತಾಸು ನಿಮ್ಮದು. ನಿಮ್ಮಲ್ಲಿ ಹಲವು ತಾಯಂದಿರು ಮರಾಠಿ ಶಾಲೆಯಲ್ಲಿ ಕಲಿತವರು, ಕನ್ನಡ ಮಾತನಾಡಬಲ್ಲಿರಿ, ಓದಲಾರಿರಿ. ಆ ಸಂಕೋಚದಿಂದ ಮಗುವಿನ ಪುಸ್ತಕವನ್ನೇ ತೆರೆಯುವದಿಲ್ಲವೆಂದು ಬಲ್ಲೆವು. ದಯವಿಟ್ಟು ತೆರೆಯಿರಿ. “ಏನು ಕಲಿತೆ” ಎಂದು ಕೇಳುವ ಬದಲು “ಇದನ್ನು ನನಗೆ ಓದಿ ತೋರಿಸು, ನನಗೆ ಬರುವದಿಲ್ಲ” ಎಂದು ಹೇಳಿರಿ. ತಾಯಿಗೆ ಕಲಿಸುವ ಅವಕಾಶ ಸಿಕ್ಕ ಮಗು ಅದನ್ನು ಬಿಟ್ಟುಕೊಟ್ಟದ್ದನ್ನು ನಾವು ಕಂಡಿಲ್ಲ. ಇಬ್ಬರು ತಾಯಂದಿರು ಹೀಗೆಯೇ ಮಕ್ಕಳಿಂದ ಕನ್ನಡ ಓದಲು ಕಲಿತು ಈ ಸಭೆಯಲ್ಲಿ ಕುಳಿತಿದ್ದಾರೆ. ಹೆಸರು ಹೇಳಬಾರದೆಂದು ಅಪ್ಪಣೆಯಾಗಿದೆ.

ಇನ್ನು ಮೇಲೆ ಪ್ರತಿ ಶನಿವಾರ ಆ ವಾರದ ಅಕ್ಷರಗಳನ್ನೂ ಶಬ್ದಗಳನ್ನೂ ಶಾಲೆಯ ಬಾಗಿಲಿನ ಹಲಗೆಯ ಮೇಲೆ ಬರೆದಿಡುತ್ತೇವೆ. ಬರುವ ಸೋಮವಾರ ಎರಡನೆಯ ಇಯತ್ತೆಯಲ್ಲಿ ಒತ್ತಕ್ಷರಗಳ ಆರಂಭ. ಮೊದಲು ಅಕ್ಕ, ಅಜ್ಜ, ಅಪ್ಪ, ಅಮ್ಮ. ಅದರ ಮರುವಾರ ಹಕ್ಕಿ, ಬೆಕ್ಕು. ಮನೆಯಲ್ಲಿ ಅಕ್ಕ ಇಲ್ಲದ ಮಕ್ಕಳು ಯಾರನ್ನು ಕರೆಯಬೇಕೆಂದು ಈಗಾಗಲೇ ಕೇಳಲು ಮೊದಲು ಮಾಡಿದ್ದಾರೆ.