ಹಿಮ್ಮಡಿ ನೆನೆಯದ ವಕೀಲ



'ಕಾನೂನು ಮತ್ತು ಸಾಹಿತ್ಯ' ಎಂಬ ವಿಷಯದ ಮೇಲೆ ವರ್ಷಕ್ಕೊಂದು ಉಪನ್ಯಾಸ ಆಗಬೇಕು ಎಂಬುದು ಈ ದತ್ತಿಯ ಷರತ್ತು. ನಾನು ಟೀವಿ ಧಾರಾವಾಹಿಯ ಬಗ್ಗೆ ಮಾತಾಡುತ್ತೇನೆ ಅಂದಾಗ ಕಾರ್ಯದರ್ಶಿಗಳು ಫೋನಿನಲ್ಲಿ ತುಸು ಹೊತ್ತು ಸುಮ್ಮನಾದರು. ಆಮೇಲೆ, "ಸೀತಾರಾಮ್ ಸೀರಿಯಲ್ ತಾನೆ ಸಾರ್? ಪರವಾಗಿಲ್ಲ ಬಿಡಿ" ಅಂದರು. ಅರ್ಧ ಅದೇ. ಇನ್ನರ್ಧ ಅಮೆರಿಕದ್ದು ಅಂತ ಅವರಿಗೆ ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ಹೊರಗಿನಿಂದ ಬಂದ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಹಿರಿಯರು ಹೇಳುತ್ತಿದ್ದ ಮಾತು ನಿಮಗೂ ನೆನಪಿರಬೇಕು. ಹಿಮ್ಮಡಿ ನೆನೆಯುವ ಹಾಗೆ ಕಾಲು ತೊಳಿ, ಇಲ್ಲದಿದ್ದರೆ ಶನಿ ಹೊಕ್ಕುತ್ತಾನೆ. ಬಚ್ಚಲಿನ ಬಾಗಿಲಲ್ಲಿ ನಿಂತು ನಮ್ಮಜ್ಜಿ ಹಿಮ್ಮಡಿಯನ್ನು ಕಣ್ಣಾರೆ ನೋಡಿಯೇ ಒಳಗೆ ಬಿಡುತ್ತಿದ್ದರು. ಆ ಮಾತಿನ ಹಿಂದಿರುವುದು ನಳನ ಕಥೆ. ನಳನಲ್ಲಿ ಒಂದೇ ಒಂದು ತಪ್ಪು ಸಿಗಲೆಂದು ಕಲಿ 12 ವರ್ಷ ಕಾಯುತ್ತಾನೆ. ಒಂದು ದಿನ ನಳ ಕಾಲು ತೊಳೆಯದೆ ಸಂಧ್ಯಾವಂದನೆಗೆ ಕೂರುತ್ತಾನೆ. ಕಲಿ ಹೊಕ್ಕುತ್ತಾನೆ. ಮುಂದೆ ಪಗಡೆ, ರಾಜ್ಯ ಹೋಗುವುದು, ನಡುಗಾಡಿನಲ್ಲಿ ಮಲಗಿದ್ದ ದಮಯಂತಿಯನ್ನು ಬಿಟ್ಟು ನಡೆಯುವುದು.

ಈ ಕಥೆ ಮಹಾಭಾರತದ ಮುಖ್ಯ ಕಥೆಯೇ ಅಲ್ಲ. ಜೂಜಿನಲ್ಲಿ ಸೋತು ಕಾಡಿಗೆ ಬಂದ ಧರ್ಮರಾಯನ ಸಮಾಧಾನಕ್ಕೆಂದು ಬೃಹದಶ್ವ ಮುನಿ ಹೇಳಿದ ಉಪಾಖ್ಯಾನ. ನಮ್ಮ ಕನಕದಾಸರು ಅದನ್ನು ಬೇರೆಯಾಗಿ ತೆಗೆದು 'ನಳಚರಿತ್ರೆ' ಮಾಡಿದರು. ದೊಡ್ಡ ಕಥೆಯ ಒಂದು ಕವಲನ್ನು ಕಿತ್ತು ಬೇರೆ ಕಡೆ ನೆಡುವುದನ್ನು ಇವತ್ತಿನ ಟೀವಿಯವರು ಸ್ಪಿನ್ ಆಫ್ ಅನ್ನುತ್ತಾರೆ. ನಮಗೆ ಅದು ಹೊಸದಲ್ಲ ಅಂತ ಬೀಗುವುದಕ್ಕೆ ಇದನ್ನು ಹೇಳುತ್ತಿಲ್ಲ. ಒಳ್ಳೆಯವನೊಬ್ಬ ಕೆಟ್ಟದ್ದು ಯಾವಾಗ, ಯಾವ ಗಳಿಗೆಯಲ್ಲಿ ಎಂಬ ಪ್ರಶ್ನೆಗೆ ಆ ಕಥೆ ಕೊಟ್ಟ ಉತ್ತರ ಎಷ್ಟು ಸಣ್ಣದು ನೋಡಿ: ಒಂದು ತಂಬಿಗೆ ನೀರು.

ನನ್ನ ತಂಗಿಯ ಮಗ ಬಿ.ಟಿ.ಎಂ. ಲೇಔಟಿನಲ್ಲಿ ಮೂವರು ಗೆಳೆಯರ ಜೊತೆ ಮನೆ ಮಾಡಿಕೊಂಡಿದ್ದಾನೆ. ಒಂದು ಭಾನುವಾರ ಹೋಗಿದ್ದಾಗ ನಾಲ್ವರೂ ಜಗಳದಲ್ಲಿದ್ದರು. ನನ್ನನ್ನು ಕಂಡದ್ದೇ, "ಮಾವ, ನೀವು ವಕೀಲರಲ್ವಾ, ನೀವೇ ತೀರ್ಪು ಕೊಡಿ. ಜಿಮ್ಮಿ ಕೆಟ್ಟಿದ್ದು ಯಾವತ್ತು?" ಅಂದ. ಜಿಮ್ಮಿ ಯಾರೆಂದು ನನಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳುವುದಕ್ಕೆ 63 ಕಂತು ನೋಡಬೇಕಾಯಿತು.

2008ರಿಂದ 2013ರವರೆಗೆ ನಡೆದ 'ಬ್ರೇಕಿಂಗ್ ಬ್ಯಾಡ್' ಎಂಬ ಅಮೆರಿಕದ ಧಾರಾವಾಹಿಯಲ್ಲಿ ಸಾಲ್ ಗುಡ್‌ಮನ್ ಎಂಬ ವಕೀಲ ಬರುತ್ತಾನೆ. ಮಾದಕವಸ್ತು ತಯಾರಿಸುವ ಕೆಮಿಸ್ಟ್ರಿ ಮೇಷ್ಟ್ರಿಗೆ ಅವನು ಬಲಗೈ. ಬಣ್ಣಬಣ್ಣದ ಸೂಟು, ಟೀವಿಯಲ್ಲಿ ಜಾಹೀರಾತು, ಮನಸ್ಸಾಕ್ಷಿಯ ಸುಳಿವಿಲ್ಲ. ಆ ಹೆಸರೂ ಇಟ್ಟುಕೊಂಡದ್ದೇ. 'ಎಲ್ಲಾ ಸರಿಹೋಯ್ತು ಮಾರಾಯ' ಎಂಬಂಥ ಒಂದು ಇಂಗ್ಲಿಷ್ ಮಾತನ್ನು ಬೇಗ ಬೇಗ ಅಂದರೆ ಸಾಲ್ ಗುಡ್‌ಮನ್ ಆಗುತ್ತದೆ. ಆ ಪಾತ್ರದ ಹಿಂದಿನ ಬದುಕನ್ನು ಹೇಳಲು ವಿನ್ಸ್ ಗಿಲಿಗನ್ ಮತ್ತು ಪೀಟರ್ ಗೌಲ್ಡ್ 2015ರಲ್ಲಿ 'ಬೆಟರ್ ಕಾಲ್ ಸಾಲ್' ಶುರುಮಾಡಿದರು. 2022ರಲ್ಲಿ ಅದು ಮುಗಿಯಿತು. ಅದರಲ್ಲಿ ಅವನು ಇನ್ನೂ ಜಿಮ್ಮಿ ಮೆಗಿಲ್. ಹಳೆಯ ಕಾರು, ಬ್ಯೂಟಿ ಪಾರ್ಲರಿನ ಹಿಂಬದಿಯ ಕೋಣೆಯಲ್ಲಿ ಆಫೀಸು, ವಿದ್ಯುತ್ತನ್ನು ಕಂಡರೆ ಆಗದ ಕಾಯಿಲೆಯ ಅಣ್ಣ ಚಕ್‌ಗೆ ದಿನಸಿ ತಂದುಕೊಡುವ ತಮ್ಮ.

ಕೊನೆಗೆ ಇವನು ಏನಾಗುತ್ತಾನೆ ಅಂತ ನೋಡುವವರಿಗೆಲ್ಲ ಗೊತ್ತು. ಗಮಕದ ಮನೆಯಲ್ಲಿ ಕೂತವರಿಗೆ ಕರ್ಣ ಸಾಯುತ್ತಾನೆ ಅಂತ ಗೊತ್ತಿರುವ ಹಾಗೆ. ಆದ್ದರಿಂದ ಊಹೆಯೆಲ್ಲ ಹಿಂದಕ್ಕೆ ಓಡುತ್ತದೆ. ಯಾವತ್ತು?

ಆ ನಾಲ್ವರಲ್ಲಿ ಒಬ್ಬ ಹುಡುಗ, ಅಣ್ಣನೇ ಒಳಗೊಳಗೆ ತನ್ನ ಕೆಲಸ ತಪ್ಪಿಸಿದ್ದು ಎಂದು ಗೊತ್ತಾದ ದಿನ ಅಂದ. ಜಿಮ್ಮಿ ಅಣ್ಣನ ಕಂಪನಿಯಲ್ಲೇ ಟಪಾಲು ಹಂಚುತ್ತಾ ಅಂಚೆ ಮೂಲಕ ಓದಿ ವಕೀಲನಾದವನು. ಅಣ್ಣನ ಕಣ್ಣಿಗೆ ಅದು ವಕೀಲಿಕೆಯೇ ಅಲ್ಲ. ಎರಡನೆಯವನು, ದಾಖಲೆ ತಿದ್ದಿದ ರಾತ್ರಿ ಅಂದ. ಬ್ಯಾಂಕೊಂದರ ಅರ್ಜಿಯಲ್ಲಿ ವಿಳಾಸದ 1216 ಎಂಬ ಸಂಖ್ಯೆಯನ್ನು ಜಿಮ್ಮಿ 1261 ಮಾಡುತ್ತಾನೆ. ಕತ್ತರಿ, ಗೋಂದು, ಜೆರಾಕ್ಸ್ ಅಂಗಡಿ. ಎರಡು ಅಂಕಿ ಅದಲುಬದಲಾಗಿ ಅಣ್ಣನ ಮಾನ ಹೋಗುತ್ತದೆ. ಆ ಕಂತನ್ನು ಮಾತ್ರ ನಾನು ಎರಡು ಸಲ ನೋಡಿದೆ. ಬನಶಂಕರಿ, ಜೆ.ಪಿ. ನಗರದ ಸೈಟುಗಳ ಕ್ರಯಪತ್ರ ಓದಿಯೇ ಕಣ್ಣಿಗೆ ಪೊರೆ ಬಂದ ಮನುಷ್ಯ ನಾನು. ಸರ್ವೆ ನಂಬರಿನಲ್ಲಿ ಒಂದು ಅಂಕಿ ಆಚೀಚೆಯಾದರೆ ಒಂದು ಸಂಸಾರ ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುತ್ತದೆ. ಅದು ಕೈತಪ್ಪೋ ಕೈಚಳಕವೋ ಎಂದು ನಾವ್ಯಾರೂ ಕೊನೆಯವರೆಗೂ ಸಾಬೀತು ಮಾಡಲಾರೆವು.

ಈ ಪ್ರಶ್ನೆಯನ್ನು ಜಯನಗರದ ಪಾರ್ಕಿನ ನಮ್ಮ ಬೆಂಚಿಗೂ ತಂದೆ. ಬೆಳಗಿನ ವಾಕಿಂಗ್ ಮುಗಿಸಿ ಕೂರುವ ಆರೇಳು ಮಂದಿ, ಎಲ್ಲರಿಗೂ ಎಪ್ಪತ್ತರ ಆಸುಪಾಸು. ಕಥೆಯನ್ನು ದಿನಕ್ಕಿಷ್ಟು ಅಂತ ನಾನೇ ಹೇಳಿದೆ. ಅಣ್ಣತಮ್ಮಂದಿರ ಮೋಸ ಯಾರಿಗೂ ಅಷ್ಟು ತಾಕಲಿಲ್ಲ. 'ಆಸ್ತಿ ಮನೇಲಿ ಇದು ಇದ್ದದ್ದೇ' ಅಂದರು. ಐರೀನ್ ಎಂಬ ಮುದುಕಿಯ ಪ್ರಸಂಗ ಬಂದಾಗ ಮಾತ್ರ ಬೆಂಚು ಮೌನವಾಯಿತು.

ವೃದ್ಧಾಶ್ರಮದವರು ವಯಸ್ಸಾದವರಿಂದ ಹೆಚ್ಚುವರಿ ಹಣ ಕಿತ್ತದ್ದರ ವಿರುದ್ಧ ಎಲ್ಲರ ಪರವಾಗಿ ಒಂದು ದಾವೆ. ಅವರೆಲ್ಲರ ಪ್ರತಿನಿಧಿ ಐರೀನ್. ಅವಳು ರಾಜಿಗೆ ಒಪ್ಪಿದರೆ ಜಿಮ್ಮಿಗೆ 10 ಲಕ್ಷ ಡಾಲರಿಗೂ ಮೀರಿ ಪಾಲು. ಇವಳೋ ದೊಡ್ಡ ವಕೀಲರ ಮಾತು ಕೇಳಿ ಕಾಯುತ್ತಿದ್ದಾಳೆ. ಜಿಮ್ಮಿ ಜಗಳ ಮಾಡುವುದಿಲ್ಲ, ಹೆದರಿಸುವುದೂ ಇಲ್ಲ. ಅವಳಿಗೊಂದು ಜೊತೆ ಹೊಸ ಬೂಟು ಕೊಡುತ್ತಾನೆ. ಅವಳ ಜೊತೆ ನಡೆಯಲು ಬರುವ ಗೆಳತಿಯರ ಕಿವಿಯಲ್ಲಿ, ರಾಜಿ ನಿಂತಿರುವುದೇ ಇವಳಿಂದ ಎಂಬ ಮಾತು ಬೀಳುವ ಹಾಗೆ ಮಾಡುತ್ತಾನೆ. ಬೂಟು ಕಂಡವರಿಗೆ ಇವಳ ಕೊಬ್ಬು ಕಾಣುತ್ತದೆ. ಹೌಸಿ ಆಟದಲ್ಲಿ ಇವಳೇ ಗೆಲ್ಲುವಂತೆ ಕೈಚಳಕ ನಡೆಸುತ್ತಾನೆ. ಒಬ್ಬರೂ ಚಪ್ಪಾಳೆ ತಟ್ಟುವುದಿಲ್ಲ. ಐರೀನ್ ಅಳುತ್ತಾ ರಾಜಿಗೆ ಸಹಿ ಹಾಕುತ್ತಾಳೆ.

ನಮ್ಮಲ್ಲೊಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರು, ಹೆಂಡತಿ ತೀರಿಕೊಂಡು ಮೂರು ವರ್ಷ, ಮಕ್ಕಳಿಬ್ಬರೂ ಹೊರದೇಶ. ಅವರು ತಮ್ಮ ಕ್ಯಾನ್ವಾಸ್ ಬೂಟನ್ನೇ ನೋಡುತ್ತಾ, "ಈ ಬೆಂಚಲ್ಲಿ ನೀವ್ಯಾರೂ ನನ್ನ ಹತ್ರ ಮಾತಾಡದೇ ಹೋದ್ರೆ ನಾನು ಯಾವ ಕಾಗದಕ್ಕೆ ಬೇಕಾದ್ರೂ ಸಹಿ ಹಾಕ್ತೀನಿ ಸಾರ್" ಅಂದರು. ಬೆಂಚಿನ ತೀರ್ಪು ಅಲ್ಲೇ ಆಯಿತು. ನನ್ನದೂ ಅದೇ.

ಆದರೆ ತೀರ್ಪು ನಿಲ್ಲುವುದಿಲ್ಲ. ಮುಂದಿನ ಕಂತಿನಲ್ಲಿ ಜಿಮ್ಮಿ ಆ ಮುದುಕಿಯರೆದುರೇ ತನ್ನ ಬಾಯಿಂದ ತನ್ನ ಮೋಸ ಹೊರಬೀಳುವಂತೆ ನಾಟಕ ಹೂಡುತ್ತಾನೆ. ರಾಜಿ ಮುರಿಯುತ್ತದೆ, ಅವನ ಪಾಲಿನ ಹಣ ಹೋಗುತ್ತದೆ, ಅವನನ್ನು ನಂಬಿದ್ದ ಹಿರಿಯ ಕಕ್ಷಿದಾರರೆಲ್ಲ ಹೋಗುತ್ತಾರೆ. ಐರೀನ್‌ಗೆ ಗೆಳತಿಯರು ವಾಪಸು ಸಿಗುತ್ತಾರೆ. ಬಿದ್ದವನು ಮೂರು ಮೆಟ್ಟಿಲು ಹತ್ತಿದ. ಆಮೇಲೆ ಅಣ್ಣ ಸತ್ತ. ಒಂದು ವರ್ಷದ ಅಮಾನತು ಮುಗಿಸಿ ಲೈಸೆನ್ಸು ವಾಪಸು ಕೇಳಲು ಹೋದಾಗ ಸತ್ತ ಅಣ್ಣನ ಹೆಸರಲ್ಲಿ ಎಂಥವರ ಕಣ್ಣೂ ಒದ್ದೆಯಾಗುವಂತೆ ಮಾತಾಡಿದ. ಹೊರಗೆ ಬಂದು, ಹೇಗೆ ನಂಬಿಬಿಟ್ಟರು ನೋಡು ಅಂತ ನಕ್ಕ. ಈಗ ಆರು ಮೆಟ್ಟಿಲು ಕೆಳಗೆ.

ಇಲ್ಲಿ ನಮ್ಮ ಕಾನೂನು ಪುಸ್ತಕವನ್ನು ತೆರೆಯಬೇಕು. 1961ರ ವಕೀಲರ ಅಧಿನಿಯಮದ 24-ಎ ಪ್ರಕರಣದಲ್ಲಿ ಒಂದು ಮಾತಿದೆ. ಕನ್ನಡದಲ್ಲಿ ಅದನ್ನು 'ನೈತಿಕ ಅಧಃಪತನ' ಅನ್ನುತ್ತೇವೆ. ಅಂಥ ಅಪರಾಧದಲ್ಲಿ ಶಿಕ್ಷೆಯಾದವನಿಗೆ ವಕೀಲರ ಪಟ್ಟಿಯಲ್ಲಿ ಜಾಗವಿಲ್ಲ. ಬಿಡುಗಡೆಯಾಗಿ 2 ವರ್ಷ ಕಳೆದರೆ ಆ ಅನರ್ಹತೆ ಹೋಗುತ್ತದೆ. ಕಾನೂನಿಗೆ ಪತನ ಅಂದರೆ ತಾರೀಕು ಇರುವ ಸಂಗತಿ, ಶುರುವೂ ಉಂಟು ಕೊನೆಯೂ ಉಂಟು. ಕಾನೂನನ್ನು ಅಂದು ಪ್ರಯೋಜನವಿಲ್ಲ, ತಾರೀಕಿಲ್ಲದೆ ಅದು ನಡೆಯುವುದಾದರೂ ಹೇಗೆ? ಇನ್ನೊಂದು ತಮಾಷೆ. ಸಾಲ್ ಗುಡ್‌ಮನ್ ಬೆಂಗಳೂರಲ್ಲಿ ಹುಟ್ಟಿದ್ದರೆ ಮೊದಲ ವಾರವೇ ಸಿಕ್ಕಿಬೀಳುತ್ತಿದ್ದ. ಅಮೆರಿಕದಲ್ಲಿ 1977ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಿಂದ ವಕೀಲರು ಜಾಹೀರಾತು ಕೊಡಬಹುದು. ನಮ್ಮ ಬಾರ್ ಕೌನ್ಸಿಲ್ ನಿಯಮಗಳ 36ನೆಯದು ಅದನ್ನು ಒಪ್ಪುವುದಿಲ್ಲ. ಹೆಸರಿನ ಬೋರ್ಡೂ ಹದವಾದ ಅಳತೆಯಲ್ಲಿರಬೇಕು. ಗೆದ್ದರೆ ಇಷ್ಟು ಪಾಲು ಅಂತ ಫೀಸು ಗೊತ್ತುಮಾಡಿಕೊಳ್ಳುವುದೂ 20ನೆಯ ನಿಯಮಕ್ಕೆ ವಿರುದ್ಧ. ಐರೀನಳ ಬೂಟಿನ ಬಗ್ಗೆ ಯಾವ ನಿಯಮವೂ ಇಲ್ಲ.

ಈಗ ಕಾರ್ಯದರ್ಶಿಗಳ ಅರ್ಧಕ್ಕೆ ಬರುತ್ತೇನೆ. ಕನ್ನಡಿಗರಿಗೆ ಟೀವಿಯ ವಕೀಲ ಅಂದರೆ ಸಿ.ಎಸ್.ಪಿ. ಆ ಪಾತ್ರ ಮಾಡಿದ ಟಿ.ಎನ್. ಸೀತಾರಾಮ್ ಸ್ವತಃ ಗೌರಿಬಿದನೂರಿನಲ್ಲಿ ವಕೀಲಿಕೆ ಮಾಡಿದವರು. 1998ರಲ್ಲಿ ಪಿ. ಶೇಷಾದ್ರಿ, ನಾಗೇಂದ್ರ ಶಾ ಜೊತೆ ದೂರದರ್ಶನಕ್ಕೆ 'ಮಾಯಾಮೃಗ' ಮಾಡಿದರು. ಮುಂದೆ 'ಮನ್ವಂತರ', 'ಮುಕ್ತ', 'ಮುಕ್ತ ಮುಕ್ತ', 2018ರಲ್ಲಿ 'ಮಗಳು ಜಾನಕಿ'. ಕಪ್ಪು ಕೋಟು ಹಾಕಿ ಅವರು ಮೆಲ್ಲಗೆ ಪಾಟೀಸವಾಲು ಶುರುಮಾಡಿದರೆ ಈ ಬಡಾವಣೆಗಳಲ್ಲಿ ಕುಕ್ಕರಿನ ಕೂಗಿಗೂ ಯಾರೂ ಏಳುತ್ತಿರಲಿಲ್ಲ. ಮೈಸೂರು ಬ್ಯಾಂಕ್ ಸರ್ಕಲ್ಲಿನ ಸಿವಿಲ್ ಕೋರ್ಟಿನಲ್ಲಿ ನನ್ನ ಕಕ್ಷಿದಾರರು, "ಸಾರ್, ಸಿ.ಎಸ್.ಪಿ. ಥರ ಕೇಳಿ ಸಾರ್, ಒಪ್ಕೊಂಡ್ಬಿಡ್ತಾನೆ" ಅನ್ನುತ್ತಿದ್ದರು. ಸಿ.ಎಸ್.ಪಿ.ಯ ಸಾಕ್ಷಿ ಒಂದೇ ಕಂತಿನಲ್ಲಿ ಬೆವರುತ್ತಾನೆ. ನನ್ನ ಸಾಕ್ಷಿ ಮೂರು ವಾಯಿದೆ ತಗೊಂಡು ನಾಲ್ಕನೆಯದಕ್ಕೆ ಮೆಡಿಕಲ್ ಸರ್ಟಿಫಿಕೇಟ್ ಕಳಿಸುತ್ತಿದ್ದ.

ಆ ಧಾರಾವಾಹಿಗಳನ್ನು ನೋಡುತ್ತಾ ನಾವೂ ಊಹೆ ಮಾಡಿದ್ದೇವೆ. ಯಾರು ಸುಳ್ಳು ಹೇಳುತ್ತಿದ್ದಾರೆ, ಯಾವ ಅಧಿಕಾರಿ ದುಡ್ಡಿಗೆ ಬಾಗುತ್ತಾನೆ, ಯಾವ ಮಗಳು ಮನೆ ಬಿಡುತ್ತಾಳೆ. ಸಿ.ಎಸ್.ಪಿ. ಕೆಡುತ್ತಾರಾ ಅಂತ ಮಾತ್ರ ಒಬ್ಬರೂ ಕೇಳಿದ್ದು ನಾನು ಕೇಳಿಲ್ಲ. ಅದು ಬರೆದವರ ಕೊರತೆ ಅಂತ ನಾನು ಅನ್ನಲಾರೆ, ನೋಡುವ ನಾವೇ ಬಿಟ್ಟಿರುತ್ತಿರಲಿಲ್ಲ. ಕೋರ್ಟಿಗೆ ಅಲೆದ ಊರು ಇದು. ರೆವಿನ್ಯೂ ಸೈಟು, ಜಿ.ಪಿ.ಎ., ಸೊಸೈಟಿ ಲೇಔಟು, ಬಿ ಖಾತಾ ಎಂದು ಸುತ್ತಿ ಸುಸ್ತಾದವರಿಗೆ ರಾತ್ರಿ ಊಟದ ಹೊತ್ತಿಗಾದರೂ ಒಬ್ಬ ನೆಟ್ಟಗಿರುವ ವಕೀಲ ಬೇಕಿತ್ತು.

ನಮ್ಮ ಧಾರಾವಾಹಿಗಳ ಕವಲುಗಳೂ ಮುಂದಕ್ಕೇ ಹೋಗುತ್ತವೆ. 'ಮುಕ್ತ' ಮುಗಿದರೆ 'ಮುಕ್ತ ಮುಕ್ತ'. 'ಮಾಯಾಮೃಗ' ಬಂದು 24 ವರ್ಷಕ್ಕೆ, 2022ರಲ್ಲಿ, 'ಮತ್ತೆ ಮಾಯಾಮೃಗ'. ಮುಂದಕ್ಕೆ ಹೋಗುವ ಕಥೆಗೆ ಏನಾಗುತ್ತದೆ ಎಂಬ ಕುತೂಹಲ ಸಾಕು. ಹಿಂದಕ್ಕೆ ಹೋಗುವ ಕಥೆ ಹೇಗೆ ಆಯಿತು ಅಂತ ಕೇಳಲೇಬೇಕು. ಸಿ.ಎಸ್.ಪಿ.ಗೆ ಸೋತ ಆ ಎದುರು ವಕೀಲರು, ಗೊತ್ತಿದ್ದೂ ಸುಳ್ಳು ಸಾಕ್ಷಿಯನ್ನು ಕಟಕಟೆ ಹತ್ತಿಸಿದವರು, ಅವರಲ್ಲೊಬ್ಬ ಇಪ್ಪತ್ತೈದನೇ ವಯಸ್ಸಿನಲ್ಲಿ ಹೇಗಿದ್ದ? ಸನ್ನದು ಪಡೆದ ದಿನ ಯಾವ ದೇವಸ್ಥಾನಕ್ಕೆ ಹೋಗಿದ್ದ? ಅವನದೊಂದು 'ನಳಚರಿತ್ರೆ'ಯನ್ನು ಕನ್ನಡದಲ್ಲಿ ಯಾರಾದರೂ ಮಾಡಿದರೆ ನಾನು ರಾತ್ರಿ ಮಾತ್ರೆ ನುಂಗುವುದನ್ನು ಮುಂದಕ್ಕೆ ಹಾಕಿ ಕೂತು ನೋಡುತ್ತೇನೆ.

ಜಿಮ್ಮಿಯ ಕೊನೆಯ ಬಗ್ಗೆ ನನ್ನ ಊಹೆ ತಪ್ಪಾಯಿತು. ಸಿಕ್ಕಿಬಿದ್ದ ಮೇಲೂ ಮಾತಿನ ಬಲದಿಂದ ಶಿಕ್ಷೆಯನ್ನು 7 ವರ್ಷಕ್ಕೆ ಇಳಿಸಿಕೊಳ್ಳುತ್ತಾನೆ. ಇನ್ನೇನು ಪಾರಾದ ಅಂದುಕೊಂಡೆ. ಆದರೆ ಬಿಟ್ಟುಹೋದ ಹೆಂಡತಿ ಕಿಮ್ ಹಿಂದಿನ ಸಾಲಿನಲ್ಲಿ ಕೂತಿರುವಾಗ ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ, ಅಣ್ಣನ ವಿಷಯವನ್ನೂ. ಅದು ಅಪರಾಧವೇ ಅಲ್ಲ ಅಂತ ಅವನ ವಕೀಲರೇ ಹೇಳುತ್ತಾರೆ. 86 ವರ್ಷ. ನ್ಯಾಯಾಧೀಶರು ಸಾಲ್ ಗುಡ್‌ಮನ್ ಅಂತ ಕರೆದಾಗ, ನನ್ನ ಹೆಸರು ಮೆಗಿಲ್ ಅನ್ನುತ್ತಾನೆ.

ಬಿ.ಟಿ.ಎಂ.ನ ಹುಡುಗರಿಗೆ ಐರೀನ್ ಅಂತ ತೀರ್ಪು ಹೇಳಿದೆ. ಒಪ್ಪಲಿಲ್ಲ. ಕೆಳಗೆ ಬೀದಿಯವರೆಗೂ ಬಂದು ಬಿಟ್ಟುಹೋಗುವಾಗ ತಂಗಿಯ ಮಗ ಸಲಿಗೆಯಿಂದ, "ಮಾವ, ನಿಮ್ಮದು ಯಾವತ್ತು?" ಅಂತ ಕೇಳಿ ನಕ್ಕ. ನಾನೂ ನಕ್ಕೆ. ಆಟೋದಲ್ಲಿ ಕೂತ ಮೇಲೆ ನೆನಪಾಯಿತು. ಜೂನಿಯರ್ ಆಗಿದ್ದ ಕಾಲ. ವಾಯಿದೆ ತಪ್ಪಿದ್ದ ಒಂದು ಅಫಿಡವಿಟ್. "ಹಿಂದಿನ ಶುಕ್ರವಾರದ ತಾರೀಕು ಹಾಕಪ್ಪ, ಏನೂ ಆಗಲ್ಲ" ಅಂದರು ಸೀನಿಯರು. ಏನೂ ಆಗಲಿಲ್ಲ, ಕಕ್ಷಿದಾರರಿಗೆ ಒಳ್ಳೆಯದೇ ಆಯಿತು, ಅವರು ಮೈಸೂರು ಪಾಕ್ ತಂದುಕೊಟ್ಟರು. ಅದನ್ನು ಬರೆದ ದಿನ ಯಾವುದೆಂದು ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ. ಕಾಗದದ ಮೇಲೆ ನನ್ನ ಕೈಬರಹದಲ್ಲಿರುವ ಆ ಶುಕ್ರವಾರದ ತಾರೀಕು ಮಾತ್ರ ಚೆನ್ನಾಗಿ ನೆನಪಿದೆ.