ಕೈಯಲ್ಲಿ ಕ್ರೋಶಾ ಕಡ್ಡಿ ಇದ್ರೆ ಜನ ಕೇಳೋದೇ ಬೇರೆ

ಸಂಗನಕಲ್ಲಿನಿಂದ ಮಾತಾಡ್ತಿದ್ದೀನಿ. ಚೈನ್ ಹಾಕೋದು ಹೇಗೆ, ಕಂಬ ಎತ್ತೋದು ಹೇಗೆ ಅಂತ ತೋರಿಸೋ ವಿಡಿಯೋ ಬೇಕಾದಷ್ಟಿವೆ, ಅದನ್ನ ಬಿಡ್ತೀನಿ. ಇವತ್ತು ನನಗೆ ಒಂದು ಮಾತಿನ ಮೇಲೆ ತಕರಾರಿದೆ. “ಕ್ರೋಶಾ ಮನಸ್ಸಿಗೆ ಔಷಧಿ, ವಿಜ್ಞಾನವೇ ಹೇಳಿದೆ” ಅಂತಾರಲ್ಲ, ಆ ಮಾತು.

ಅದರ ಹಿಂದೆ ಒಂದು ಸಮೀಕ್ಷೆ ಇದೆ. 2020ರಲ್ಲಿ ಪ್ರಕಟವಾಯಿತು. ಕ್ರೋಶಾ ಹಾಕೋ 8,391 ಜನರನ್ನ ಆನ್‌ಲೈನಲ್ಲಿ ಕೇಳಿದರು, ಶೇಕಡಾ 89.5 ಜನ ಮನಸ್ಸು ಶಾಂತವಾಗುತ್ತೆ ಅಂದರು. ಸಂತೋಷ. ಆದರೆ ಕೇಳಿದ್ದು ಯಾರನ್ನ? ಕ್ರೋಶಾ ಇಷ್ಟಪಟ್ಟು ಹಾಕ್ತಾ ಇರೋರನ್ನೇ. ನಾಲ್ಕು ದಿನ ಹಾಕಿ ಬೇಸತ್ತು ಬಿಟ್ಟವರು ಆ ಲೆಕ್ಕದಲ್ಲಿ ಎಲ್ಲಿದ್ದಾರೆ? ಹಂಗಂತ ಸಮೀಕ್ಷೆ ಸುಳ್ಳು ಅಂತ ಹೇಳ್ತಿಲ್ಲ. ಆ ಲೆಕ್ಕದಲ್ಲಿ ಕಾಣದ ಸಂಗತಿಯೊಂದಿದೆ, ನನಗೆ ಮುಖ್ಯ ಅನಿಸೋದು ಅದು.

ಮನೆಯವರು ತೀರಿಕೊಂಡ ಮೇಲೆ ನಾನು ತವರಿಗೆ ಬಂದೆ. ಮಾತಾಡಿಸೋಕೆ ಬಂದವರದೆಲ್ಲ ಒಂದೇ ಪ್ರಶ್ನೆ: “ಮುಂದೇನವ್ವಾ?” ಉತ್ತರ ಇರಲಿಲ್ಲ. ಆಮೇಲೆ ಚಿಕ್ಕಮ್ಮ ಒಂದು ರೇಷ್ಮೆ ಸೀರೆ ತಂದು ಕುಚ್ಚು ಹಾಕಿಕೊಡು ಅಂದಳು. ತೊಡೆ ಮೇಲೆ ಸೆರಗು, ಕೈಯಲ್ಲಿ ಕಡ್ಡಿ, ಪಕ್ಕದ ತಟ್ಟೆಯಲ್ಲಿ ಮಣಿ. ಅದೇ ಹೆಂಗಸರು ಬಂದರು, ಕೇಳಿದ್ದು ಮಾತ್ರ ಬೇರೆ. “ಯಾರ ಸೀರೆ ಇದು? ಮಣಿ ಎಲ್ಲಿ ತಂದಿ? ಸೀರೆಗೆ ಎಷ್ಟು ತಗೋತಿ?” ಇವಕ್ಕೆ ನನ್ನ ಹತ್ತಿರ ಉತ್ತರ ಇತ್ತು! ತಲೆ ಎತ್ತದೇ ಮಾತಾಡಬಹುದಿತ್ತು, ಕಣ್ಣು ತುಂಬಿದರೆ ಮಣಿ ಹುಡುಕಬಹುದಿತ್ತು. ಈ ಸಮಾಧಾನ ಆ ಶೇಕಡಾ ಲೆಕ್ಕದಲ್ಲಿ ಕಾಣಲ್ಲ.

ಇನ್ನೊಂದು ಮಾತು. ಎದೆ ಒಡೆದಿರೋ ದಿನಗಳಲ್ಲಿ ಕಸೂತಿಗಿಂತ ಕ್ರೋಶಾ ಒಳ್ಳೇದು ಅಂತ ನನ್ನ ಅಭಿಪ್ರಾಯ. ತಪ್ಪಾಯ್ತಾ? ಕಡ್ಡಿ ತೆಗೆದು ದಾರ ಎಳೆದರೆ ಸರಸರ ಬಿಚ್ಚಿಕೊಳ್ಳುತ್ತೆ, ಅದೇ ದಾರದಲ್ಲಿ ಮತ್ತೆ ಹಾಕಬಹುದು. ಕಸೂತಿ ಬಿಚ್ಚಿದರೆ ಬಟ್ಟೆಯಲ್ಲಿ ಸೂಜಿ ತೂತು ಉಳಿಯುತ್ತೆ.

ಹಂಗಂತ ಕಸೂತಿ ಕಡಿಮೆಯದಲ್ಲ. ತೋರಣಗಲ್ಲು ದಾಟಿ ಸಂಡೂರಿಗೆ ಹೋಗಿ, ಲಂಬಾಣಿ ಹೆಂಗಸರ ಕಸೂತಿ ನೋಡಿ. ಲಂಬಾಣಿಗರು ಹೇರೆತ್ತುಗಳ ಮೇಲೆ ಉಪ್ಪು, ದವಸ ಹೊತ್ತು ಊರೂರು ತಿರುಗಿದವರು. 19ನೇ ಶತಮಾನದಲ್ಲಿ ರೈಲು ಬಂತು, ಆ ವ್ಯಾಪಾರ ಹೋಯಿತು. 1871ರ ಬ್ರಿಟಿಷರ ಕಾಯ್ದೆ ಎಷ್ಟೋ ಅಲೆಮಾರಿ ಸಮುದಾಯಗಳಿಗೆ ಹುಟ್ಟು ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿತು. ಅದು ರದ್ದಾಗಿದ್ದು 1952ರಲ್ಲಿ. ಇಷ್ಟು ದೊಡ್ಡ ಪಲ್ಲಟದಲ್ಲೂ ಹೆಂಗಸರ ಕೈಯ ಸೂಜಿ ನಿಲ್ಲಲಿಲ್ಲ. ಕನ್ನಡಿ, ಕವಡೆ, ಬಟ್ಟೆ ಚೂರು ಕೂಡಿಸಿ ಲಂಗ ಕುಪ್ಪಸ ಹೊಲಿದರು. ಮದುಮಗಳು ತವರು ಬಿಡುವಾಗ ಅತ್ತು ಹಾಡೋ ಹಾಡುಗಳೂ ಅವರಲ್ಲಿವೆ, ಜೊತೆಗೆ ಕಳಿಸೋ ಕಸೂತಿ ಚೀಲಗಳೂ ಇವೆ. ಮನೆ ಬದಲಾಗೋ ದುಃಖಕ್ಕೆ ಹಾಡು, ಹೊಲಿಗೆ ಎರಡನ್ನೂ ಮೊದಲೇ ತಯಾರು ಮಾಡಿಕೊಂಡ ಜನ ಅವರು.

ಆದರೆ ಈ ಕಸೂತಿಯನ್ನ ಬರೀ “ನೋವು ಮರೆಸೋ ಕಲೆ” ಅಂದರೆ ನಾನು ಒಪ್ಪಲ್ಲ. ಅದು ದುಡಿಮೆ. ಸಂಡೂರು ಕುಶಲ ಕಲಾ ಕೇಂದ್ರ ಆ ಕೈಕೆಲಸಕ್ಕೆ ಕೂಲಿ, ಮಾರುಕಟ್ಟೆ ಎರಡನ್ನೂ ಕೊಟ್ಟಿತು. ಸಂಡೂರು ಲಂಬಾಣಿ ಕಸೂತಿಗೆ ಜಿಐ, ಅಂದ್ರೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆ ವೇಳೆ 450ಕ್ಕೂ ಹೆಚ್ಚು ಹೆಂಗಸರು ಸೇರಿ ಮಾಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ನನ್ನ ಕುಚ್ಚಿಗೂ ಮೊದಲ ಸಲ ದುಡ್ಡು ಬಂದಾಗಲೇ ಬೆನ್ನು ನೆಟ್ಟಗಾಗಿದ್ದು.

ಸಮಯ ಆಯ್ತು, ಉಳಿದದ್ದು ಬೇಗ ಹೇಳ್ತೀನಿ. ಹೊಸಬರು ತೆಳು ರೇಷ್ಮೆ ದಾರ ಮುಟ್ಟಬೇಡಿ, ದಪ್ಪ ಉಲ್ಲನ್ ತಗೊಳ್ಳಿ. ಕಡು ಬಣ್ಣ ಬೇಡ, ಕುಣಿಕೆ ಕಾಣಲ್ಲ. ಯಾರಿಗಾದರೂ ಬೇಕಾದ ಸಾಮಾನನ್ನೇ ಮಾಡಿ. ಕೋಣೆಯಲ್ಲಿ ಬೇಡ, ಕಟ್ಟೆ ಮೇಲೆ ಕೂತು ಹಾಕಿ. ಊಟ ನಿದ್ದೆ ಬಿಟ್ಟು ವಾರಗಟ್ಟಲೆ ಆಗಿದ್ದರೆ ಕ್ರೋಶಾ ಸಾಲದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.